ಸರ ಮಾಡುವ ಕಿಟ್: ಹನ್ನೆರಡು ಕೊಟ್ಟೆ, ಮೂರೇ ಮುಗಿದವು

ನವನಗರದ ಅಕ್ಕ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮಗಳ ಹುಟ್ಟುಹಬ್ಬಕ್ಕೆ ಬಂದ ಹುಡುಗಿಯರಿಗೆ ಸರ ಮಾಡುವ ಕಿಟ್ ಕೊಟ್ಟಿದ್ದೆ. ಒಟ್ಟು ಹನ್ನೆರಡು. ಬಣ್ಣದ ಮಣಿ, ದಾರ, ಹುಕ್, ಎರಡು ರಿಂಗ್, ಒಂದು ಪದಕ. ಎಲ್ಲಾ ಜಿಪ್ ಕವರ್‌ನಲ್ಲಿ ಹಾಕಿ ಮೇಲೆ ರಿಬ್ಬನ್ ಕಟ್ಟಿದ್ದೆ. ನೋಡಲು ಬಹಳ ಚೆಂದ ಇತ್ತು. ಎರಡು ವಾರ ಬಿಟ್ಟು ಕೇಳಿದರೆ ಸರ ಹಾಕಿಕೊಂಡವರು ಮೂರೇ ಜನ. ಒಬ್ಬಳಿಗೆ ಮಣಿ ಕಡಿಮೆ ಬಿದ್ದವು. ಇಬ್ಬರಿಗೆ ಮಣಿಯ ತೂತಿನಲ್ಲಿ ದಾರವೇ ಹೋಗಲಿಲ್ಲ. ಒಬ್ಬಳ ತಾಯಿ ರಿಂಗ್ ಬಿಚ್ಚಲು ಮನೆಯಲ್ಲಿದ್ದ ದೊಡ್ಡ ಪಕ್ಕಡ್ (ಇಕ್ಕಳ) ಹಿಡಿದರಂತೆ, ರಿಂಗ್ ಮುರಿದೇ ಹೋಯಿತು. ಉಳಿದವರದು ಹಾಗೇ ಕಪಾಟಿನಲ್ಲಿದೆ.

ಮಕ್ಕಳ ತಪ್ಪಲ್ಲ ಇದು. ನಾನು ಕೊಟ್ಟದ್ದು ಸರಿ ಇರಲಿಲ್ಲ.

ಈಗ ಸಂಕ್ರಾಂತಿಗೆ ಅರಿಷಿಣ ಕುಂಕುಮಕ್ಕೆ ಕರೆದವರಿಗೆ 40 ಕಿಟ್ ಕೊಡಬೇಕು ಅಂತಿದ್ದೇನೆ. ಪ್ರತಿ ವರ್ಷ ಪ್ಲಾಸ್ಟಿಕ್ ಡಬ್ಬಿ, ಸ್ಟೀಲ್ ಬಟ್ಟಲು ಕೊಟ್ಟು ಕೊಟ್ಟು ಸಾಕಾಗಿದೆ. ಬೋರೆಹಣ್ಣಿನಂಥ ಗುಂಡು ಪೋಣಿಸಿದ ಬೋರಮಾಳ ಸರದ ಥರ ಒಂದು ಸರ, ಇಲ್ಲವೇ ಕುಬಸದ ಖಣ ಬಟ್ಟೆಯ ಕಿವಿಯೋಲೆ. ನಮ್ಮ ಕಡೆಯದ್ದೇ ಆಗಬೇಕು ಅನ್ನುವುದು ಆಸೆ. ಚೆನ್ನಾಗಿ ಬಂದರೆ ಆಮೇಲೆ ಬನಶಂಕರಿ ಜಾತ್ರೆಯಲ್ಲಿ ಸ್ವಲ್ಪ ಮಾರಲೂ ಬಹುದು. ಏನಿಡಬೇಕು, ಎಷ್ಟಿಡಬೇಕು, ಯಾವುದು ಇಡಲೇಬಾರದು? ಮಾಡಿದವರು ಹೇಳಿ.

ಮಣಿಸರ, ಶಹಾಪುರ, ಬೆಳಗಾವಿ

ಅಕ್ಕಾರ, ಬೇಜಾರು ಮಾಡಿಕೊಳ್ಳಬೇಡಿ. ಒಂಬತ್ತು ವರ್ಷದಿಂದ ಮಣಿ ಕೆಲಸ ಮಾಡುತ್ತಿದ್ದೇನೆ. ನನ್ನ ಮೊದಲ ಕಿಟ್‌ಗಳೂ ಹಾಗೇ ಆಗಿದ್ದವು.

ಮೊದಲು ಒಂದು ಮಾತು. ಕಿಟ್ ಅಂದರೆ ಸಾಮಾನಿನ ಪೊಟ್ಟಣ ಅಲ್ಲ. ಪಕ್ಕದಲ್ಲಿ ನೀವು ಇಲ್ಲದಾಗ, ಪಕ್ಕಡ್ ಅಂದರೆ ಏನು ಅಂತ ಗೊತ್ತಿಲ್ಲದವರು ಕೂಡ ಒಂದೇ ಕೂತಲ್ಲಿ ಮುಗಿಸಿ ಕೊರಳಿಗೆ ಹಾಕಿಕೊಳ್ಳಬೇಕು. ಏನೇ ಸೇರಿಸಿ, ಏನೇ ತೆಗೆಯಿರಿ, ಇದನ್ನೇ ಕೇಳಿಕೊಂಡು ಮಾಡಿ.

ಆದ್ದರಿಂದ ಉಡುಗೊರೆ ಕಿಟ್‌ನಲ್ಲಿ ಪಕ್ಕಡ್ ಬೇಕಾಗುವ ಕೆಲಸವನ್ನೇ ಇಡಬೇಡಿ. ಅದನ್ನು ನೀವೇ ಮೊದಲು ಮಾಡಿ ಮುಗಿಸಿ. ಹುಕ್‌ಗೆ ರಿಂಗ್ ಹಾಕಿ ಕೊಡಿ, ಪದಕಕ್ಕೆ ರಿಂಗ್ ಹಾಕಿ ಕೊಡಿ. ಅವರಿಗೆ ಉಳಿಯುವುದು ಪೋಣಿಸುವುದು ಮತ್ತು ಗಂಟು. ಮಾರುವ ದೊಡ್ಡ ಕಿಟ್ ಆದರೆ ಪಕ್ಕಡ್ ಇಡಬಹುದು. ಆಗಲೂ ರಿಂಗ್ ಬಿಚ್ಚುವುದನ್ನು ಚಿತ್ರ ಹಾಕಿ ತೋರಿಸಿ. ರಿಂಗನ್ನು ಎರಡೂ ಕಡೆ ಎಳೆದು ಅಗಲ ಮಾಡಬಾರದು. ಒಂದು ತುದಿ ಮುಂದಕ್ಕೆ, ಒಂದು ತುದಿ ಹಿಂದಕ್ಕೆ, ಬಾಗಿಲು ತೆಗೆದ ಹಾಗೆ. ಮುಚ್ಚುವಾಗಲೂ ಹಾಗೇ. ಎಳೆದರೆ ಗುಂಡನೆಯ ಆಕಾರ ಹೋಗುತ್ತದೆ, ಮತ್ತೆ ಸರಿಯಾಗಿ ಕೂಡುವುದಿಲ್ಲ. ಆ ತಾಯಿಯವರ ರಿಂಗ್ ಮುರಿದದ್ದು ಬಹುಶಃ ಹೀಗೇ.

ಇನ್ನು ಲೆಕ್ಕ. ಮಣಿ ಅಂದಾಜಿನಲ್ಲಿ ಹಾಕಬಾರದು. ಕೈಬಳೆ 7 ಇಂಚು ಅಂದರೆ 178 ಮಿ.ಮೀ. 8 ಮಿ.ಮೀ. ಮಣಿ ಆದರೆ 22 ಬೇಕು, 6 ಮಿ.ಮೀ. ಆದರೆ 29 ಅಥವಾ 30, 4 ಮಿ.ಮೀ. ಆದರೆ 44 ಅಥವಾ 45. ಉದ್ದವನ್ನು ಮಣಿಯ ಅಳತೆಯಿಂದ ಭಾಗಿಸಿದರೆ ಆಯಿತು. ಅದರ ಮೇಲೆ ಹತ್ತಕ್ಕೆ ಒಂದರಂತೆ ಜಾಸ್ತಿ ಹಾಕಿ. ಒಂದು ಮಣಿ ಮಂಚದ ಕೆಳಗೆ ಹೋದರೆ ಇಡೀ ಕಿಟ್ ದಂಡ ಆಗಬಾರದು.

40 ಕಿಟ್‌ಗೆ ಕೂತು ಎಣಿಸುವುದು ಕಷ್ಟ ಅಲ್ವಾ? ಎರಡು ದಾರಿ ಇದೆ. ದಪ್ಪ ಕಾಗದದ ಪಟ್ಟಿಯನ್ನು ಉದ್ದಕ್ಕೆ ಮಡಚಿ ಕಾಲುವೆ ಥರ ಮಾಡಿ. 6 ಮಿ.ಮೀ. ಕೈಬಳೆ ಆದರೆ ಜಾಸ್ತಿಯದೂ ಸೇರಿ 32 ಮಣಿ ಸಾಲಾಗಿ ಇಟ್ಟು, ಎಲ್ಲಿಗೆ ಬರುತ್ತದೋ ಅಲ್ಲಿ ಗೆರೆ ಹಾಕಿ. ಆಮೇಲೆ ಗೆರೆಯವರೆಗೆ ತುಂಬಿ ಕವರ್‌ಗೆ ಸುರಿದರೆ ಸಾಕು. ಸಣ್ಣ ಮಣಿಗೆ ಇದು ಆಗುವುದಿಲ್ಲ. ಅದಕ್ಕೆ ಗ್ರಾಂನ ಹತ್ತನೇ ಭಾಗ ತೋರಿಸುವ ಸಣ್ಣ ತಕ್ಕಡಿ ಬೇಕು. ನೂರು ಎಣಿಸಿ ತೂಗಿ, ಆ ತೂಕ ಬರೆದಿಟ್ಟುಕೊಳ್ಳಿ. ಮುಂದೆ ಎಣಿಸುವ ಕೆಲಸವೇ ಇಲ್ಲ.

ದಾರ ತೂತಿನಲ್ಲಿ ಹೋಗದಿರುವುದು ದೊಡ್ಡ ತಲೆನೋವು. ಸೂಜಿ ಇಟ್ಟರೆ ಮಕ್ಕಳಿರುವ ಮನೆಯಲ್ಲಿ ಭಯ. ನಾನು ದಾರದ ತುದಿ ಎರಡು ಇಂಚು ಫೆವಿಕಾಲ್‌ನಲ್ಲಿ ಅದ್ದಿ, ಬೆರಳಲ್ಲಿ ನೇರ ಎಳೆದು, ರಾತ್ರಿ ಒಣಗಿಸುತ್ತೇನೆ. ಬೆಳಿಗ್ಗೆ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಅದೇ ಸೂಜಿ. ಅಂಗಡಿಗೆ ಹೋದಾಗ ನಿಮ್ಮ ದಾರವನ್ನು ಜೊತೆಗೆ ಒಯ್ಯಿರಿ. ಅಲ್ಲೇ ಹತ್ತು ಮಣಿ ಪೋಣಿಸಿ ನೋಡಿ. ಗಾಜಿನ ಮಣಿಯಲ್ಲಿ ಒಂದೇ ಪೊಟ್ಟಣದಲ್ಲಿ ತೂತು ಹೆಚ್ಚುಕಡಿಮೆ ಇರುತ್ತದೆ.

ಕಲಾ ಟೀಚರ್, ವಿಜಯಪುರ

ಮಣಿಸರ ಅವರು ಹೇಳಿದ್ದು ಬಂಗಾರದಂಥ ಮಾತು. ಮಕ್ಕಳ ವಿಷಯ ನಾನು ಸೇರಿಸುತ್ತೇನೆ.

ಮೂರು ವರ್ಷದೊಳಗಿನ ಮಗು ಇರುವ ಮನೆಗೆ ಸಣ್ಣ ಮಣಿಯ ಕಿಟ್ ಕೊಡಲೇಬೇಡಿ. ಬಾಯಿಗೆ, ಮೂಗಿಗೆ, ಕಿವಿಗೆ ಹಾಕಿಕೊಳ್ಳುತ್ತವೆ. ಅಕ್ಕನಿಗೆ ಕೊಟ್ಟದ್ದು ತಮ್ಮನ ಕೈಗೆ ಸಿಗದೆ ಇರುವುದಿಲ್ಲ. ಅಯಸ್ಕಾಂತದ ಹುಕ್ ಬರುತ್ತವೆ, ಹಾಕಿಕೊಳ್ಳಲು ಸುಲಭ ಅಂತ ಕೆಲವರು ಇಡುತ್ತಾರೆ. ಮಕ್ಕಳ ಕಿಟ್‌ನಲ್ಲಿ ಬೇಡವೇ ಬೇಡ. ಎರಡು ಅಯಸ್ಕಾಂತ ನುಂಗಿದರೆ ಹೊಟ್ಟೆಯೊಳಗೆ ಕರುಳನ್ನು ನಡುವೆ ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಪರೇಷನ್ ತನಕ ಹೋಗುತ್ತದೆ.

ಆರೇಳು ವರ್ಷದವರಿಗೆ ಚನ್ನಪಟ್ಟಣದ ಮರದ ಮಣಿ ನನಗೆ ಇಷ್ಟ. ಹಾಲೆ ಮರ, ಮೇಲೆ ಅರಗಿನ ಬಣ್ಣ. ದೊಡ್ಡದು, ಹಗುರ, ತೂತು ಅಗಲ. ಸಣ್ಣ ಬೆರಳಿಗೆ ಸಿಗುತ್ತದೆ. ಬೆಲೆ ಪ್ಲಾಸ್ಟಿಕ್‌ಗಿಂತ ಜಾಸ್ತಿ, ಆದರೆ ಹನ್ನೆರಡು ಮಣಿಯಲ್ಲೇ ಕೈಬಳೆ ಆಗಿಬಿಡುತ್ತದೆ.

ಎಲಾಸ್ಟಿಕ್ ದಾರ ಹಾಕುವವರು ಒಂದು ಕೆಲಸ ಮಾಡಿ. ಪೋಣಿಸುವ ಮೊದಲು ದಾರವನ್ನು ನಾಲ್ಕೈದು ಸಲ ಚೆನ್ನಾಗಿ ಎಳೆಯಿರಿ. ಇಲ್ಲದಿದ್ದರೆ ಎರಡೇ ದಿನಕ್ಕೆ ಸಡಿಲ ಬಿದ್ದು ಮಣಿಗಳ ನಡುವೆ ದಾರ ಕಾಣುತ್ತದೆ. ಗಂಟು ಹಾಕುವಾಗ ಮಾಮೂಲಿ ಗಂಟಿನಲ್ಲಿ ಒಂದು ಸುತ್ತು ಜಾಸ್ತಿ ಸುತ್ತಿ. ಆಮೇಲೆ ಗಂಟನ್ನು ಪಕ್ಕದ ಮಣಿಯೊಳಗೆ ಎಳೆದುಬಿಡಿ. ಇನ್ನೊಂದು, ನಮ್ಮ ವಿಜಯಪುರದ ಬೇಸಿಗೆಯಲ್ಲಿ ಎಲಾಸ್ಟಿಕ್ ಬಹಳ ದಿನ ತಾಳುವುದಿಲ್ಲ. ತಗಡಿನ ಕಪಾಟಿನಲ್ಲಿಟ್ಟ ಹಳೇ ದಾರ ಎಳೆದರೆ ಪಟ್ ಅಂತ ಹರಿಯುತ್ತದೆ. ಬೇಕಾದಷ್ಟೇ ತನ್ನಿ.

ಕುಬಸದ ಅಂಗಡಿ, ಗುಳೇದಗುಡ್ಡ

ಖಣದ ಕಿವಿಯೋಲೆ ಅಂದಿದ್ದಕ್ಕೆ ಓಡಿ ಬಂದೆ.

ಖಣ ನೇಯುವ ಊರು ನಮ್ಮದು. ಕುಬಸದ ಬಟ್ಟೆ ಅಂತಲೇ ಹುಟ್ಟಿದ್ದು. ಚಿತ್ತಾರ ಸಣ್ಣದು, ಒತ್ತೊತ್ತಾಗಿ ಇರುತ್ತದೆ. ಆದ್ದರಿಂದ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಓಲೆಯಲ್ಲೂ ಪೂರ್ತಿ ಚಿತ್ತಾರ ಕೂಡುತ್ತದೆ. ದೊಡ್ಡ ಹೂವಿನ ಬಟ್ಟೆಯಲ್ಲಿ ಇದು ಆಗುವುದಿಲ್ಲ. ಅರ್ಧ ಎಲೆ, ಕಾಲು ಹೂ ಬರುತ್ತದೆ.

ಹೊಸ ಖಣ ಕತ್ತರಿಸಬೇಡಿ. ಕುಬಸ ಹೊಲಿಯುವವರ ಹತ್ತಿರ ಚಿಂದಿ ಬೇಕಾದಷ್ಟು ಸಿಗುತ್ತದೆ. ಸುಮ್ನೆ ಕೇಳಿದರೆ ಕೊಡುತ್ತಾರೆ. ನೀವು ಮಾರುವವರಾದರೆ ಅವರಿಗೂ ಏನಾದರೂ ಕೊಡಿ, ಅದು ನ್ಯಾಯ.

ಈಗ ಮುಖ್ಯ ಮಾತು. ಖಣ ಕತ್ತರಿಸಿದ ಕೂಡಲೇ ಎಳೆ ಬಿಡುತ್ತದೆ. ಕಿಟ್‌ನಲ್ಲಿ ಬರೀ ಬಟ್ಟೆ ಕೊಟ್ಟರೆ ಅವರ ಕೈಗೆ ಹೋಗುವಷ್ಟರಲ್ಲಿ ಅಂಚು ಜುಂಗು ಜುಂಗು ಆಗಿರುತ್ತದೆ. ಅದಕ್ಕೆ ಹಿಂದೆ ಅಂಟಿನ ಕ್ಯಾನ್ವಾಸ್ ಇಟ್ಟು ಇಸ್ತ್ರಿ ಮಾಡಿ. ಕಾಲರ್‌ಗೆ ಹಾಕುತ್ತಾರಲ್ಲ, ಅದೇ. ಆಮೇಲೆ ಗುಂಡಗೆ ಕತ್ತರಿಸಿ. ಅಂಚು ಗಟ್ಟಿ ನಿಲ್ಲುತ್ತದೆ. ಹಿಂದಿನ ರಟ್ಟು ಅಥವಾ ಎಂಡಿಎಫ್ (ಮರದ ನಾರಿನ ಹಲಗೆ) ಬಿಲ್ಲೆಗಿಂತ ಬಟ್ಟೆ ಅರ್ಧ ಸೆಂಟಿಮೀಟರ್ ದೊಡ್ಡದಿರಲಿ. ಅಂಚಿನಲ್ಲಿ ಅಲ್ಲಲ್ಲಿ ಕಚ್ಚು ಹಾಕಿ ಹಿಂದೆ ಮಡಚಿ ಅಂಟಿಸಬೇಕು. ಅಂಟು ತೆಳ್ಳಗೆ. ಜಾಸ್ತಿ ಹಚ್ಚಿದರೆ ರೇಷ್ಮೆ ಎಳೆಯ ಮೇಲೆ ಕಲೆ ಮೂಡುತ್ತದೆ, ಅದು ಹೋಗುವುದಿಲ್ಲ. ಬಿಸಿ ಅಂಟಿನ ಗನ್ ಬೇಡ. ಏಪ್ರಿಲ್ ಬಿಸಿಲಿಗೆ ನಿಂತ ಕಾರಿನಲ್ಲಿ ಓಲೆ ಬಿಟ್ಟರೆ ಬಿಲ್ಲೆ ಒಂದು ಕಡೆ, ಬಟ್ಟೆ ಒಂದು ಕಡೆ.

ಇಳಕಲ್ ಸೀರೆ ಉಟ್ಟು, ಖಣದ ಕುಬಸ ತೊಟ್ಟು, ಕಿವಿಗೂ ಅದೇ ಖಣ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದಕ್ಕಿಂತ ಒಳ್ಳೆ ಕಿಟ್ ಬೇರೆ ಯಾವುದು, ಹೇಳಿ.

ತಿಳಕವಾಡಿ ವೈನಿ, ಬೆಳಗಾವಿ

ಕಿವಿಯ ಹುಕ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಒಂದು ದೊಡ್ಡ ಊರಿನ ಸಗಟು ಅಂಗಡಿಯಿಂದ ನೂರು ಜೊತೆ ಹುಕ್ ತಂದಿದ್ದೆ. ಚಿನ್ನದ ಬಣ್ಣ, ಥಳಥಳ. ಆ ಓಲೆ ಹಾಕಿಕೊಂಡ ನನ್ನ ನಾದಿನಿಯ ಕಿವಿ ಮೂರೇ ದಿನಕ್ಕೆ ಕೆಂಪಾಗಿ, ನೀರು ಸೋರಿ, ಡಾಕ್ಟರ್ ಹತ್ತಿರ ಹೋಗಬೇಕಾಯಿತು. ನಿಕ್ಕಲ್ ಅಲರ್ಜಿ ಅಂದರು. ಅಗ್ಗದ ಹುಕ್‌ಗೆ ನಿಕ್ಕಲ್ ಬಳಿದು ಮೇಲೆ ತೆಳ್ಳಗೆ ಬಣ್ಣ ಕೊಟ್ಟಿರುತ್ತಾರೆ. ಬೆವರಿಗೆ ಮೇಲಿನದು ಹೋದರೆ ಚರ್ಮಕ್ಕೆ ನಿಕ್ಕಲ್ ತಾಗುತ್ತದೆ.

ಉಳಿದ ತೊಂಬತ್ತು ಜೊತೆ ಎಸೆದೆ. ದುಡ್ಡು ಹೋಯಿತು, ಹೋಗಲಿ. ಈಗ ಸರ್ಜಿಕಲ್ ಸ್ಟೀಲ್ ಹುಕ್ ತರುತ್ತೇನೆ. ಅದರಲ್ಲೂ ನಿಕ್ಕಲ್ ಇರುತ್ತದೆ, ಆದರೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಬೆವರಿಗೆ ಸುಲಭಕ್ಕೆ ಬಿಡುವುದಿಲ್ಲ. ಬಹಳ ಸೂಕ್ಷ್ಮ ಚರ್ಮದವರಿಗೆ ಬೆಳ್ಳಿಯದೇ ಬೇಕು. ನಮಗೆ ನಿಪ್ಪಾಣಿ ದಾಟಿದರೆ ಹುಪರಿ, ಬೆಳ್ಳಿ ಕೆಲಸದ ಊರು. ಬೆಳ್ಳಿ ಹುಕ್‌ಗೆ ಅಲ್ಲಿ ಕೇಳಿ ನೋಡಬಹುದು. ಕಿಟ್‌ನಲ್ಲಿ ಬೇರೆ ಎಲ್ಲಿ ಉಳಿಸಿದರೂ ಕಿವಿಗೆ ಹೋಗುವ ತಂತಿಯಲ್ಲಿ ಉಳಿಸಬೇಡಿ. ಯಾವ ಲೋಹ ಅಂತ ಚೀಟಿಯಲ್ಲಿ ಬರೆಯಿರಿ.

ನವನಗರದ ಅಕ್ಕ, ಬಾಗಲಕೋಟೆ

ವೈನಿ, ಮಣಿಸರ ಅಕ್ಕಾರ, ಎಲ್ಲರಿಗೂ ಕೈ ಮುಗಿದೆ. ಇಷ್ಟು ವಿವರ ಹೇಳುತ್ತೀರಿ ಅಂದುಕೊಂಡಿರಲಿಲ್ಲ.

ಒಂದು ತೊಡಕು ಉಳಿದಿದೆ. ಬೋರಮಾಳ ಸರ ಎಷ್ಟು ಉದ್ದ ಇಡಲಿ? 40 ಜನರ ಕೊರಳು 40 ಥರ. ನನಗೆ 16 ಇಂಚು ಸರಿ ಹೋಗುತ್ತದೆ, ಅತ್ತೆಗೆ 18 ಬೇಕು, ಪಕ್ಕದ ಮನೆಯ ಹುಡುಗಿಗೆ 14 ಸಾಕು.

ಮಣಿಸರ, ಶಹಾಪುರ, ಬೆಳಗಾವಿ

ಇದಕ್ಕೆ ನಮ್ಮ ಹಿರಿಯರೇ ಉತ್ತರ ಕೊಟ್ಟಿದ್ದಾರೆ. ಕೊರಳಿಗೆ ಒತ್ತಿ ಕೂಡುವ ಠುಶಿ, ಬೋರಮಾಳ, ಇವನ್ನೆಲ್ಲ ಹೇಗೆ ಕಟ್ಟುತ್ತಿದ್ದರು ನೆನಪಿಸಿಕೊಳ್ಳಿ. ಗುಂಡು ಮುಂದೆ ಮಾತ್ರ. ಹಿಂದೆ ದಾರದ ದೋರಿ, ಜಾರುವ ಗಂಟು, ತುದಿಗೆ ಗೊಂಡೆ. ಬೇಕಾದಷ್ಟು ಬಿಗಿ ಮಾಡಿ, ಬೇಕಾದಷ್ಟು ಸಡಿಲ ಬಿಡಿ. ಒಂದೇ ಸರ ಸೊಸೆಗೂ ಆಗುತ್ತಿತ್ತು, ಅತ್ತೆಗೂ ಆಗುತ್ತಿತ್ತು. ಬಂಗಾರವೂ ಉಳಿಯುತ್ತಿತ್ತು.

ನೀವೂ ಹಾಗೇ ಮಾಡಿ. ಮುಂದೆ 10 ಇಂಚು ಮಾತ್ರ ಗುಂಡು. ಬೋರೆಹಣ್ಣಿನ ಆಕಾರದ ಗುಂಡು 6 ಮಿ.ಮೀ. ಇರಲಿ, ಎರಡರ ನಡುವೆ 2 ಮಿ.ಮೀ. ಕೆಂಪು ಮಣಿ. ಒಂದು ಜೊತೆಗೆ 8 ಮಿ.ಮೀ. 32 ಜೊತೆ ಪೋಣಿಸಿದರೆ 256 ಮಿ.ಮೀ., ಅಂದರೆ ಹತ್ತು ಇಂಚಿನ ಮೇಲೆ ಕೂದಲೆಳೆಯಷ್ಟು. ಗುಂಡು 35 ಹಾಕಿ. ಕೆಂಪು ಮಣಿ 40 ಹಾಕಿ, ಸಣ್ಣದು ಬೇಗ ಉರುಳಿ ಹೋಗುತ್ತದೆ. ಹಿಂದಿನ ದೋರಿ ಸಿದ್ಧವಾಗಿಯೇ ಸಿಗುತ್ತದೆ, ಎರಡೂ ತುದಿಗೆ ಕುಣಿಕೆ ಇರುವುದನ್ನು ತನ್ನಿ. ಪೋಣಿಸಿದ ದಾರವನ್ನು ಆ ಕುಣಿಕೆಗೆ ಗಂಟು ಹಾಕಿದರೆ ಮುಗಿಯಿತು. ಹುಕ್ ಬೇಡ, ರಿಂಗ್ ಬೇಡ, ಪಕ್ಕಡ್ ಬೇಡ.

ಬಂಗಾರದ ಬೋರಮಾಳದ ಗುಂಡು ಒಳಗೆ ಪೊಳ್ಳು, ಅರಗು ತುಂಬಿರುತ್ತಾರೆ. ನಮ್ಮ ಗುಂಡು ಹಿತ್ತಾಳೆ ಅಥವಾ ಬಣ್ಣ ಕೊಟ್ಟದ್ದು. ಬರೀ ಹಿತ್ತಾಳೆ ಆದರೆ ಹುಣಸೆಹುಳಿಯಲ್ಲಿ ತಿಕ್ಕಿ ತೊಳೆಯಬಹುದು ಅಂತ ಚೀಟಿಯಲ್ಲಿ ಬರೆಯಿರಿ. ಬಣ್ಣ ಕೊಟ್ಟದ್ದಾದರೆ ಹುಣಸೆ ತಾಗಿಸಲೇಬೇಡಿ ಅಂತ ಬರೆಯಿರಿ.

ತಾಂಡಾದ ಮಗಳು, ವಿಜಯಪುರ ಜಿಲ್ಲೆ

ನಾನೂ ಒಂದು ಮಾತು ಹೇಳಲಾ? ಲಂಬಾಣಿ ಥರದ ಕಿಟ್ ಅಂತ ಈಗ ಜಾಸ್ತಿ ಬರುತ್ತಿವೆ. ಕನ್ನಡಿ, ಕವಡೆ, ನಾಣ್ಯ, ಉಣ್ಣೆಯ ಗೊಂಡೆ. ನೋಡಿ ಖುಷಿ ಆಗುತ್ತದೆ. ಆದರೆ ಕೆಲವರು ಘುಗ್ರಿ ಟೋಪ್ಲಿಯನ್ನೇ ಕಿವಿಯೋಲೆ ಅಂತ ಮಾರುತ್ತಾರೆ. ಅದು ನಮ್ಮಲ್ಲಿ ಮದುವೆಯಾದ ಹೆಣ್ಣುಮಕ್ಕಳು ಕೂದಲಿಗೆ ಕಟ್ಟುವುದು. ನಿಮಗೆ ತಾಳಿ ಹೇಗೋ ಹಾಗೆ. ಅದನ್ನು ಆಟದ ಸಾಮಾನು ಮಾಡಬೇಡಿ.

ಕವಡೆ, ಕನ್ನಡಿ, ಗೊಂಡೆ ಧಾರಾಳವಾಗಿ ಇಡಿ. ಗೊಂಡೆ ನಮ್ಮ ತಾಂಡಾದ ಅಕ್ಕಂದಿರ ಹತ್ತಿರ ಮಾಡಿಸಿ. ನನ್ನ ಅವ್ವ ಒಂದು ಗಂಟೆಯಲ್ಲಿ ಇಪ್ಪತ್ತು ಕಟ್ಟುತ್ತಾಳೆ, ಅಳತೆ ಒಂದು ಎಳೆ ತಪ್ಪುವುದಿಲ್ಲ. ಕಬ್ಬು ಕಡಿಯುವ ಕೆಲಸ ಮುಗಿದ ಮೇಲೆ ಮನೆಯಲ್ಲೇ ಆಗುವ ಕೆಲಸ ಸಿಕ್ಕರೆ ಎಷ್ಟು ಅನುಕೂಲ ಗೊತ್ತಾ?

ನವನಗರದ ಅಕ್ಕ, ಬಾಗಲಕೋಟೆ

ತಂಗಿ, ನೀನು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. ಒಳ್ಳೆಯದಾಯಿತು ಹೇಳಿದ್ದು. ಗೊಂಡೆ ನಿಮ್ಮ ಅವ್ವನ ಹತ್ತಿರವೇ ಮಾಡಿಸೋಣ. 40 ಬೇಕು, ಕೆಂಪು ಮತ್ತು ಹಸಿರು. ಸಂದೇಶ ಕಳಿಸುತ್ತೇನೆ.

ತಾಳಿಯ ಮಾತು ಬಂದದ್ದಕ್ಕೆ ಇನ್ನೊಂದು ಹೇಳುತ್ತೇನೆ. ಮೊದಲು ಕರಿಮಣಿಯ ಕಿಟ್ ಮಾಡೋಣ ಅಂದುಕೊಂಡಿದ್ದೆ. ನಮ್ಮ ಚಿಕ್ಕಮ್ಮ ನೆನಪಾದಳು. ಕಾಕಾ ತೀರಿಕೊಂಡ ಮೇಲೆ ಅವಳನ್ನು ಅರಿಷಿಣ ಕುಂಕುಮಕ್ಕೆ ಯಾರೂ ಕರೆಯುವುದಿಲ್ಲ. ಈ ಸಲ ನಮ್ಮ ಮನೆಗೆ ಅವಳೂ ಬರುತ್ತಾಳೆ. ಅವಳೂ ಹಾಕಿಕೊಳ್ಳುವಂಥದ್ದೇ ಆಗಬೇಕು. ಅದಕ್ಕೇ ಬೋರಮಾಳ.

ಲೆಕ್ಕದ ಮನುಷ್ಯ, ಜಮಖಂಡಿ

ಮಾರುವ ವಿಚಾರ ಇದ್ದರೆ ನಾಲ್ಕು ಮಾತು. ಉಡುಗೊರೆಗೆ ಇದು ಯಾವುದೂ ಬೇಡ.

ಮುಚ್ಚಿದ ಪೊಟ್ಟಣ ಮಾರುವಾಗ ಮೇಲೆ ಚೀಟಿ ಬೇಕು. 2011ರ ಪೊಟ್ಟಣ ಸಾಮಾನಿನ ನಿಯಮ ಇದೆ. ತಯಾರಿಸಿದವರ ಅಥವಾ ತುಂಬಿದವರ ಹೆಸರು, ವಿಳಾಸ, ಒಳಗಿರುವುದು ಏನು, ಎಷ್ಟು, ಯಾವ ತಿಂಗಳು ಯಾವ ವರ್ಷ, ಎಲ್ಲ ತೆರಿಗೆ ಸೇರಿ ಗರಿಷ್ಠ ಬೆಲೆ, ದೂರು ಹೇಳಲು ಫೋನ್ ನಂಬರ್. ಜಾತ್ರೆಯಲ್ಲಿ ಯಾರು ಕೇಳುತ್ತಾರೆ ಅನ್ನಬೇಡಿ. ಚೀಟಿ ಇದ್ದರೆ ಕೊಳ್ಳುವವರಿಗೂ ಧೈರ್ಯ.

ಎರಡನೇದು, ಮಕ್ಕಳ ಆಟಿಕೆ ಅಂತ ಬರೆದು ಮಾರಬೇಡಿ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ದೊಡ್ಡವರ ಕರಕುಶಲ ಕಿಟ್ ಅಂತಲೇ ಮಾಡಿ, ದೊಡ್ಡವರಿಗೇ ಮಾರಿ.

ಜಿಎಸ್‌ಟಿ ಈಗಲೇ ಚಿಂತೆ ಬೇಡ. ರಾಜ್ಯದೊಳಗೆ ಸಾಮಾನು ಮಾರುವವರಿಗೆ ವರ್ಷದ ವ್ಯಾಪಾರ 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯ ಇಲ್ಲ. ಕೊಲ್ಹಾಪುರಕ್ಕೆ, ಸೋಲಾಪುರಕ್ಕೆ ಕಳಿಸುವ ಮೊದಲು ಮಾತ್ರ ಆಡಿಟರ್ ಕೇಳಿ. ಅದು ಬೇರೆ ರಾಜ್ಯ, ಲೆಕ್ಕ ಬೇರೆ.

ಬೆಲೆ ಹಾಕುವಾಗ ಹೆಣ್ಣುಮಕ್ಕಳು ಮಾಡುವ ಒಂದು ತಪ್ಪು ನನಗೆ ನೋವು ಕೊಡುತ್ತದೆ. ಸಾಮಾನಿಗೆ 82 ಆಯಿತು, 100ಕ್ಕೆ ಮಾರುತ್ತೇನೆ, 18 ಲಾಭ ಅನ್ನುತ್ತಾರೆ. ನಿಮ್ಮ ಕೂಲಿ ಎಲ್ಲಿ? ತುಂಬಲು ಕಾಲು ಗಂಟೆ, ಗಂಟೆಗೆ 80 ಅಂದರೂ 20 ರೂಪಾಯಿ. ಅಲ್ಲಿಗೆ 102. ಬಸ್ ಖರ್ಚು, ಮಳಿಗೆಯ ಬಾಡಿಗೆ, ಮುರಿದದ್ದು, ಮಾರದೆ ಉಳಿದದ್ದು, ಎಲ್ಲ ಬೇರೆ. ಇಂಥ ಕಿಟ್ 199ಕ್ಕಿಂತ ಕಡಿಮೆ ಕೊಡಬೇಡಿ.

ಕುಬಸದ ಅಂಗಡಿ, ಗುಳೇದಗುಡ್ಡ

ಅಣ್ಣಾರ, ಜಾತ್ರೆಯಲ್ಲಿ 199 ಅಂದರೆ ಜನ ಮುಂದೆ ಹೋಗುತ್ತಾರೆ. ಪಕ್ಕದ ಮಳಿಗೆಯಲ್ಲಿ ಸಿದ್ಧ ಸರ 50ಕ್ಕೆ ಇರುತ್ತದೆ. ಅಲ್ಲಿ ಓಲೆಯ ಸಣ್ಣ ಕಿಟ್ 99ಕ್ಕೆ ಇಡಲಿ. 199ರದು ಕಾಲೇಜು, ಪ್ರದರ್ಶನ, ಮದುವೆಯ ಮೆಹಂದಿ ದಿನಕ್ಕೆ. ಇನ್ನೊಂದು, ಮಾಡಿದ ಸರ ಒಂದು ನೇತು ಹಾಕಿರಬೇಕು. ಡಬ್ಬಿ ನೋಡಿ ಯಾರೂ ಕೊಳ್ಳುವುದಿಲ್ಲ.

ಲೆಕ್ಕದ ಮನುಷ್ಯ, ಜಮಖಂಡಿ

ಒಪ್ಪಿದೆ. ಆದರೆ 99ರದ್ದರಲ್ಲೂ ಕೂಲಿ ಹಿಡಿದೇ ಲೆಕ್ಕ ಹಾಕಿ.

ನವನಗರದ ಅಕ್ಕ, ಬಾಗಲಕೋಟೆ

ಮೂರು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ನಾಲ್ಕು ಕಿಟ್ ಮಾಡಿ ನಾಲ್ಕು ಜನಕ್ಕೆ ಕೊಟ್ಟೆ. ನಾನು ಪಕ್ಕದಲ್ಲೇ ಕೂತೆ, ಆದರೆ ಒಂದು ಮಾತೂ ಆಡಲಿಲ್ಲ. ಬಹಳ ಕಷ್ಟ ಆಯಿತು ಸುಮ್ಮನಿರುವುದು. ಮಗಳು 25 ನಿಮಿಷಕ್ಕೆ ಮುಗಿಸಿದಳು. ಪಕ್ಕದ ಮನೆಯ ವೈನಿ 40 ನಿಮಿಷ. ಅತ್ತೆಗೆ ಚೀಟಿಯ ಅಕ್ಷರ ಕಾಣಲಿಲ್ಲ, ಕನ್ನಡಕ ಹುಡುಕಲು ಎದ್ದರು. ನಾಲ್ಕನೆಯವಳು ಚಿಕ್ಕಮ್ಮ. ಅವಳು ಚೀಟಿ ನೋಡಲೇ ಇಲ್ಲ. ಗುಂಡು, ಕೆಂಪು, ಗುಂಡು, ಕೆಂಪು ಅಂತ ಪೋಣಿಸುತ್ತಾ ಹೋದಳು. ಕೊನೆಗೆ ಗಂಟಿನ ಹತ್ತಿರ ನಿಂತಳು. ಯಾವ ಕುಣಿಕೆ ಒಳಗಿಂದ, ಯಾವುದು ಹೊರಗಿಂದ ಗೊತ್ತಾಗಲಿಲ್ಲ.

ಅದರಿಂದ ಚೀಟಿ ಬದಲಾಯಿಸಿದೆ. ಅಕ್ಷರ ದಪ್ಪ ಮಾಡಿದೆ. ಸರದ ಚಿತ್ರವನ್ನು ಅದರ ನಿಜವಾದ ಅಳತೆಯಲ್ಲೇ ಬರೆಸಿದೆ. ಪೋಣಿಸಿದ್ದನ್ನು ಚಿತ್ರದ ಮೇಲೆ ಇಟ್ಟು ನೋಡಿದರೆ ಸಾಕು, ಎಣಿಸುವುದೇ ಬೇಡ. ಗಂಟಿಗೆ ನಾಲ್ಕು ಚಿತ್ರ. ಮತ್ತೊಂದು, ಒಂದು ಕಡೆಯ ಕುಣಿಕೆಗೆ ದಾರವನ್ನು ನಾನೇ ಕಟ್ಟಿ ಕೊಡುತ್ತೇನೆ. ಮಣಿ ಕೆಳಗೆ ಜಾರಿ ಹೋಗುವುದಿಲ್ಲ, ಗಂಟು ಹೇಗಿರಬೇಕು ಅಂತ ಮಾದರಿಯೂ ಕಣ್ಣೆದುರೇ ಇರುತ್ತದೆ. ಬದಲಾಯಿಸಿದ ಚೀಟಿಯನ್ನು ನಮ್ಮ ಮನೆಗೆ ಹಾಲು ಹಾಕುವ ಹುಡುಗನ ಕೈಗೆ ಕೊಟ್ಟು ನೋಡಿದೆ. ಅವನು ತನ್ನ ಅವ್ವನಿಗೆ ಅಂತ ಸರ ಮುಗಿಸಿ ತೆಗೆದುಕೊಂಡು ಹೋದ.

ಕೊನೆಗೆ ಡಬ್ಬಿಯಲ್ಲಿ ಉಳಿದದ್ದು ಗುಂಡು 35, ಕೆಂಪು ಮಣಿ 40, ತುದಿ ಗಟ್ಟಿ ಮಾಡಿದ 24 ಇಂಚು ದಾರ, ದೋರಿ, ಗೊಂಡೆ, ಚೀಟಿ. ಇಷ್ಟೇ. ಪದಕ ತೆಗೆದುಬಿಟ್ಟೆ. ಹಳೇ ಇಳಕಲ್ ಸೀರೆಯ ಅಂಚನ್ನು ಕತ್ತರಿಸಿ ಸಣ್ಣ ಚೀಲ ಹೊಲಿದಿದ್ದೇನೆ, ಮುಗಿದ ಮೇಲೆ ಸರ ಇಟ್ಟುಕೊಳ್ಳಲು. ಖಣದ ಓಲೆ ಜಾತ್ರೆಗೆ, ಸ್ಟೀಲ್ ಹುಕ್ ಹಾಕಿ. ಗೊಂಡೆ ತಾಂಡಾದಿಂದ ಬಂದಿವೆ, ಒಂದೂ ಹೆಚ್ಚುಕಡಿಮೆ ಇಲ್ಲ.

ತಾಂಡಾದ ಮಗಳು, ವಿಜಯಪುರ ಜಿಲ್ಲೆ

ಅಕ್ಕಾ, ದುಡ್ಡು ಬಂತು. ಅವ್ವ ಕೇಳುತ್ತಿದ್ದಾಳೆ, ಜಾತ್ರೆಗೆ ಎಷ್ಟು ಗೊಂಡೆ ಬೇಕು ಅಂತ. ಉಣ್ಣೆ ಈಗಲೇ ತರಬೇಕಂತೆ.

ನವನಗರದ ಅಕ್ಕ, ಬಾಗಲಕೋಟೆ

ಅರವತ್ತು ಹೇಳು. ಶನಿವಾರ ಮಧ್ಯಾಹ್ನ 40 ಕಿಟ್ ತುಂಬಲು ಕೂಡುತ್ತಿದ್ದೇವೆ. ಮಣಿ ಅಳೆಯುವ ಕೆಲಸ ಚಿಕ್ಕಮ್ಮನದು. ಯಾರ ಕೈಗೂ ಕೊಡುವುದಿಲ್ಲ ಅಂದಿದ್ದಾಳೆ.